ಒಂದೇ ಪೀಠಕ್ಕೆ ಇಬ್ಬರು ಪೋಪರು

ಕೇಳುಗರಿಗೆ ನಮಸ್ಕಾರ.

1349ರ ಜನವರಿ. ಪ್ಲೇಗು ಇಂಗ್ಲೆಂಡನ್ನು ಹೊಕ್ಕಿತ್ತು. ಪಾದ್ರಿಗಳು ಕೆಲವರು ಸತ್ತಿದ್ದರು, ಇನ್ನು ಕೆಲವರು ಸೋಂಕಿಗೆ ಹೆದರಿ ರೋಗಿಗಳ ಹತ್ತಿರ ಸುಳಿಯುತ್ತಿರಲಿಲ್ಲ. ಆಗ ಬಾತ್ ಮತ್ತು ವೆಲ್ಸ್‌ನ ಬಿಷಪ್ ಒಂದು ಓಲೆ ಕಳಿಸಿದ: ಸಾಯುವ ಹೊತ್ತಿಗೆ ಪಾದ್ರಿ ಸಿಗದಿದ್ದರೆ ಯಾರ ಮುಂದಾದರೂ ಪಾಪ ಹೇಳಿಕೊಳ್ಳಿ, ಗಂಡಸು ಇಲ್ಲದಿದ್ದರೆ ಹೆಂಗಸಿನ ಮುಂದಾದರೂ ಸರಿ. ಪಾಪನಿವೇದನೆ ಇಲ್ಲದೆ ಸಾಯುವುದು ಸಾವಿಗಿಂತ ದೊಡ್ಡ ಭಯವಾಗಿದ್ದ ಕಾಲ ಅದು. ಮೂವತ್ತು ವರ್ಷ ತುಂಬುವುದರೊಳಗೆ ಅದೇ ಭಯ ಇನ್ನೊಂದು ರೂಪದಲ್ಲಿ ಬಂತು. ಪಾದ್ರಿಯೇನೋ ಇದ್ದಾನೆ, ಆದರೆ ಅವನ ಮೇಲಿನ ಪೋಪ್ ನಿಜವಾದವನೇ?

1378ರ ಮಾರ್ಚ್‌ನಲ್ಲಿ ಹನ್ನೊಂದನೇ ಗ್ರೆಗರಿ ರೋಮ್‌ನಲ್ಲಿ ತೀರಿಕೊಂಡ. ಸುಮಾರು ಎಪ್ಪತ್ತು ವರ್ಷ ಫ್ರಾನ್ಸ್‌ನ ಅಂಚಿನ ಅವಿನ್ಯೋನ್‌ನಲ್ಲಿದ್ದ ಪೀಠವನ್ನು ವಾಪಸು ತಂದಿದ್ದವನು ಅವನೇ. ಹೊಸಬನನ್ನು ಆರಿಸಲು ಸೇರಿದ ಕಾರ್ಡಿನಲ್‌ಗಳು 16 ಮಂದಿ, ಇಟಲಿಯವರು ನಾಲ್ವರೇ. ಹೊರಗೆ ಜನ, ‘ರೋಮ್‌ನವನೇ ಬೇಕು, ಇಲ್ಲವೇ ಇಟಲಿಯವನಾದರೂ ಆಗಲಿ’ ಎಂದು ಕೂಗುತ್ತಿದ್ದರು. ಏಪ್ರಿಲ್ 8ರಂದು ಬಾರಿಯ ಆರ್ಚ್‌ಬಿಷಪ್ ಆಯ್ಕೆಯಾದ. ಆರನೇ ಅರ್ಬನ್ ಎಂದು ಹೆಸರಿಟ್ಟುಕೊಂಡ. ಆದರೆ ಸುದ್ದಿ ಹೊರಬೀಳುವ ಮೊದಲೇ ಜನ ಒಳನುಗ್ಗಿದರು. ಗಾಬರಿಯಾದ ಕಾರ್ಡಿನಲ್‌ಗಳು ರೋಮ್‌ನವನೇ ಆದ ಮುದಿ ಕಾರ್ಡಿನಲ್ ತೆಬಾಲ್ದೆಸ್ಕಿಗೆ ಪೋಪನ ನಿಲುವಂಗಿ ತೊಡಿಸಿ ಕೂರಿಸಿದರು. ‘ನಾನಲ್ಲ, ನಾನಲ್ಲ’ ಎಂದು ಆ ಮುದುಕ ಒದ್ದಾಡಿದ.

ಅರ್ಬನ್ ಈ ಕಾರ್ಡಿನಲ್‌ಗಳನ್ನು ಎಲ್ಲರೆದುರು ಬೈಯತೊಡಗಿದ ಮೇಲೆ ಅವರಲ್ಲಿ ಹೆಚ್ಚಿನವರು ಅನಾನ್ಯಿ ಪಟ್ಟಣಕ್ಕೆ ಹೋಗಿ, ಪ್ರಾಣಭಯದಲ್ಲಿ ಮಾಡಿದ ಆಯ್ಕೆ ಅಸಿಂಧು ಎಂದು ಸಾರಿದರು. ಸೆಪ್ಟೆಂಬರ್ 20ರಂದು ಫೊಂದಿಯಲ್ಲಿ ಏಳನೇ ಕ್ಲೆಮೆಂಟನನ್ನು ಆರಿಸಿದರು. ಗಂಟು ಬಿದ್ದದ್ದು ಇಲ್ಲೇ. ಹಿಂದೆಯೂ ಪ್ರತಿಪೋಪರಿದ್ದರು, ಆದರೆ ಅವರನ್ನು ಎತ್ತಿ ಕಟ್ಟುತ್ತಿದ್ದದ್ದು ಹೆಚ್ಚಾಗಿ ಚಕ್ರವರ್ತಿಗಳು. ಈ ಸಲ ಮೊದಲನೆಯವನನ್ನು ಆರಿಸಿದವರೇ ಎರಡನೆಯವನನ್ನೂ ಆರಿಸಿದ್ದರು. ಪೋಪನ ಮೇಲೆ ತೀರ್ಪು ಕೊಡುವ ಅಧಿಕಾರ ಚರ್ಚಿನ ಕಾನೂನಿನಲ್ಲಿ ಯಾರಿಗೂ ಇರಲಿಲ್ಲ.

ತೀರ್ಪುಗಾರನಿಲ್ಲದ ಆ ಜಾಗವನ್ನು ತುಂಬಿದ್ದು ಯುದ್ಧ. ಫ್ರಾನ್ಸ್ ಕ್ಲೆಮೆಂಟನ ಕಡೆ ನಿಂತಿತು, ಆದ್ದರಿಂದ ಫ್ರಾನ್ಸ್‌ನೊಡನೆ ಯುದ್ಧದಲ್ಲಿದ್ದ ಇಂಗ್ಲೆಂಡ್ ಅರ್ಬನನ ಕಡೆ; ಇಂಗ್ಲೆಂಡಿನ ವೈರಿ ಸ್ಕಾಟ್ಲೆಂಡ್ ಮತ್ತೆ ಕ್ಲೆಮೆಂಟನ ಕಡೆ. 1383ರಲ್ಲಿ ನಾರಿಚ್‌ನ ಬಿಷಪ್ ಹೆನ್ರಿ ಡಿಸ್ಪೆನ್ಸರ್, ಹಣ ಕೊಟ್ಟವರಿಗೆ ಪಾಪದ ದಂಡ ಮಾಫಿ ಎಂದು ಸಾರಿ, ಅರ್ಬನನ ಹೆಸರಿನಲ್ಲಿ ಧರ್ಮಯುದ್ಧಕ್ಕೆ ಹೊರಟ. ಫ್ಲಾಂಡರ್ಸ್‌ನ (ಈಗಿನ ಬೆಲ್ಜಿಯಂನ) ಈಪ್ರ್ ಪಟ್ಟಣಕ್ಕೆ ಎರಡು ತಿಂಗಳು ಮುತ್ತಿಗೆ ಹಾಕಿದ. ಆ ಪಟ್ಟಣದವರೂ ಅರ್ಬನನನ್ನೇ ಒಪ್ಪಿದವರು! ಪಾಳೆಯದಲ್ಲಿ ರಕ್ತಭೇದಿ ಹಬ್ಬಿತು, ಕೋಟೆ ಬೀಳಲಿಲ್ಲ. ಊರಿಗೆ ಮರಳಿದ ಬಿಷಪ್‌ನನ್ನು ಪಾರ್ಲಿಮೆಂಟು ವಿಚಾರಣೆಗೆ ನಿಲ್ಲಿಸಿತು. ಮನೆಯ ಒಡವೆ ಮಾರಿ ಹಣ ಕೊಟ್ಟಿದ್ದ ಹೆಂಗಸರಿಗೆ ಇದರಿಂದ ಏನು ಸಿಕ್ಕಿತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಅರ್ಬನ್ ಸತ್ತರೂ ಕ್ಲೆಮೆಂಟ್ ಸತ್ತರೂ ಎರಡು ಸಾಲುಗಳು ನಿಲ್ಲಲಿಲ್ಲ; ರೋಮ್‌ನಲ್ಲಿ ಅರ್ಬನನ ಜಾಗಕ್ಕೂ ಅವಿನ್ಯೋನ್‌ನಲ್ಲಿ ಕ್ಲೆಮೆಂಟನ ಜಾಗಕ್ಕೂ ಹೊಸಬರು ಬರುತ್ತಲೇ ಇದ್ದರು. 1409ರಲ್ಲಿ ಪೀಸಾದಲ್ಲಿ ಸೇರಿದ ಚರ್ಚಿನ ಸಭೆ ಆಗಿದ್ದ ಇಬ್ಬರನ್ನೂ ಇಳಿಸಿ ಮೂರನೆಯವನನ್ನು ಆರಿಸಿತು. ಇಳಿಯಬೇಕಾದವರು ಇಳಿಯಲಿಲ್ಲ, ಪೋಪರು ಮೂವರಾದರು.

ಗಂಟು ಬಿಚ್ಚಿದ್ದು 1414ರಲ್ಲಿ ಜರ್ಮನ್ ನಾಡಿನ ಸರೋವರದಂಡೆಯ ಕಾನ್‌ಸ್ಟನ್ಸ್ ಪಟ್ಟಣದಲ್ಲಿ ಕೂಡಿದ ಸಭೆ. ಇಟಲಿಯ ಬಿಷಪ್‌ಗಳ ಸಂಖ್ಯೆಯೇ ಹೆಚ್ಚಿದ್ದುದರಿಂದ ತಲೆಗೊಂದು ಮತ ಬೇಡ, ನಾಡಿಗೊಂದು ಮತ ಎಂದು ತೀರ್ಮಾನವಾಯಿತು. ಪೀಸಾ ಸಾಲಿನ ಜಾನ್ ರಾತ್ರೋರಾತ್ರಿ ಓಡಿಹೋದ, ಅವನನ್ನು ಹಿಡಿದು ತಂದು ಪದವಿಯಿಂದ ಇಳಿಸಿದರು. ರೋಮ್ ಸಾಲಿನ ಹನ್ನೆರಡನೇ ಗ್ರೆಗರಿ ತಾನಾಗಿಯೇ ಬಿಟ್ಟುಕೊಟ್ಟ. ಅವಿನ್ಯೋನ್ ಸಾಲಿನ ಬೆನೆಡಿಕ್ಟನನ್ನು 1417ರ ಜುಲೈನಲ್ಲಿ ವಜಾ ಮಾಡಿದರು.

ಹೊಸ ಪೋಪನನ್ನು ಆರಿಸಲು 23 ಕಾರ್ಡಿನಲ್‌ಗಳ ಜೊತೆಗೆ ಐದು ನಾಡುಗಳಿಂದ ತಲಾ ಆರು ಜನ, ಒಟ್ಟು 53 ಮಂದಿ ಸರೋವರದ ದಂಡೆಯ ವರ್ತಕರ ಉಗ್ರಾಣದೊಳಗೆ ಕೂತರು. ಒಟ್ಟು ಮತದಲ್ಲಿ ಮೂರನೇ ಎರಡು ಬಂದರೆ ಸಾಲದು. ಕಾರ್ಡಿನಲ್‌ಗಳಲ್ಲೂ ಪ್ರತಿಯೊಂದು ನಾಡಿನಲ್ಲೂ ಬೇರೆಬೇರೆಯಾಗಿ ಮೂರನೇ ಎರಡು ಬರಬೇಕು. ಮುಂದೆ ಯಾವ ನಾಡೂ ‘ಅವನು ನಮ್ಮವನಲ್ಲ’ ಎನ್ನದಿರಲಿ ಎಂದೇ ಈ ಬಿಗಿ ನಿಯಮ. ನವೆಂಬರ್ 11ರಂದು, ಸಂತ ಮಾರ್ಟಿನನ ಹಬ್ಬದ ದಿನ, ಒದ್ದೊನೆ ಕೊಲೊನ್ನಾ ಐದನೇ ಮಾರ್ಟಿನ್ ಆಗಿ ಹೊರಬಂದ.

ಬೆನೆಡಿಕ್ಟ್ ಮಾತ್ರ ಒಪ್ಪಲಿಲ್ಲ. 1378ರಲ್ಲಿ ರೋಮ್‌ನ ಆ ಕೋಣೆಯೊಳಗೆ ಕೂತಿದ್ದ 16 ಮಂದಿಯಲ್ಲಿ, ಪೆದ್ರೋ ದೆ ಲೂನಾ ಎಂಬ ಹೆಸರಿನಲ್ಲಿ, ಅವನೂ ಒಬ್ಬನಾಗಿದ್ದ. ಸ್ಪೇನಿನ ಕಡಲಂಚಿನ ಪೆನ್ಯಿಸ್ಕೊಲಾ ಕೋಟೆಯಲ್ಲಿ, 1423ರಲ್ಲಿ ಕಣ್ಣು ಮುಚ್ಚುವವರೆಗೂ ತಾನೇ ಪೋಪ್ ಎಂದೇ ಅವನು ಆಜ್ಞೆಗಳಿಗೆ ಮುದ್ರೆ ಒತ್ತುತ್ತಿದ್ದ.

ನಮಸ್ಕಾರ.