ಭಾನುವಾರದ ಊರು, ಸೋಮವಾರದ ಊರು

ಪರದೆ ಮೇಲೆ ಈಗ ಕಾಣ್ತಿರೋದು ಖಾಲಿ ರಸ್ತೆ, ಎರಡೂ ಕಡೆ ಮರ, ನಿಧಾನಕ್ಕೆ ಹೋಗ್ತಿರೋ ಒಂದು ಸೈಕಲ್. ದೊಡ್ಡ ನಗರ ಇಲ್ಲಿಂದ 35 ಕಿಲೋಮೀಟರ್. ಇದು ಭಾನುವಾರ ಬೆಳಗ್ಗೆ ಹನ್ನೊಂದರ ನೋಟ. ಮನೆ ನೋಡೋಕೆ ಹೆಚ್ಚಿನವರು ಬರೋದು ಇದೇ ಹೊತ್ತಿಗೆ, ಮುಂಗಡ ಕೊಟ್ಟು ಹೋಗೋದೂ ಈ ನೋಟವನ್ನೇ ನಂಬಿ. ಇದೇ ಊರನ್ನ ಕೆಟ್ಟ ಹೊತ್ತಲ್ಲಿ ಹೇಗೆ ನೋಡ್ಬೇಕು ಅನ್ನೋದು ಇವತ್ತಿನ ವಿಷಯ.

ಮೊದಲು ರಸ್ತೆ. ಮ್ಯಾಪ್ ಇವತ್ತು 45 ನಿಮಿಷ ಅಂತ ತೋರಿಸೋ ದಾರಿಯಲ್ಲಿ ಸೋಮವಾರ ಬೆಳಗ್ಗೆ ಎಂಟಕ್ಕೆ ಒಂದ್ಸಲ, ಮಳೆ ಸುರಿಯೋ ಶುಕ್ರವಾರ ಸಂಜೆ ಇನ್ನೊಂದ್ಸಲ ಹೋಗಿ ಬನ್ನಿ. ಒಂದೂಕಾಲು ಗಂಟೆ ಹಿಡೀತು ಅಂದ್ಕೊಳ್ಳಿ. ಹೋಗಿ ಬರೋಕೆ ದಿನಕ್ಕೆ ಎರಡೂವರೆ ಗಂಟೆ, 22 ದಿನಕ್ಕೆ 55 ಗಂಟೆ. ಗಾಡಿ ಓಡೋದು 1,540 ಕಿಲೋಮೀಟರ್. ಲೀಟರಿಗೆ 15 ಕೊಡೋ ಕಾರಾದ್ರೆ ತಿಂಗಳಿಗೆ ನೂರು ಲೀಟರಿನ ಮೇಲೆ. ಜನ ಎಲ್ಲೇ ಇರ್ಲಿ, ಓಡಾಟಕ್ಕೆ ದಿನಕ್ಕೆ ಸರಾಸರಿ ಒಂದು ಗಂಟೆ ಆಸುಪಾಸೇ ಕೊಡೋದು ಅಂತ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದ್ರು. ಅದರ ಎರಡೂವರೆ ಪಟ್ಟನ್ನ ದಿನಾ ತಡ್ಕೊಳ್ಳೋರು ಕಮ್ಮಿ. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗೋರಿಗೆ ಲೆಕ್ಕ ಬೇರೆ: ಆ ಐದು ಗಂಟೆಯನ್ನ ಐದು ದಿನಕ್ಕೆ ಹಂಚಿದ್ರೆ ಸರಿಯಾಗಿ ಒಂದು ಗಂಟೆ. ಬಸ್ಸು, ರೈಲು ನಂಬೋರು ಬೆಳಗಿನ ಮೊದಲ ಬಸ್ ಬಗ್ಗೆ ಕೇಳ್ತಾರೆ. ನಗರದಿಂದ ಹೊರಡೋ ಕೊನೇ ಬಸ್ ಬಗ್ಗೆ ಕೇಳಬೇಕು.

ಇನ್ನು ನಿಶ್ಶಬ್ದ. ಇಷ್ಟು ದೂರ ಬರೋದೇ ಅದಕ್ಕಾಗಿ ಅಲ್ವಾ? ಹಾಗಾಗಿ ಇದನ್ನ ಸ್ವಲ್ಪ ವಿವರವಾಗಿ ನೋಡೋಣ. ಹೆದ್ದಾರಿ ಸದ್ದು ಒಂದು ಬಿಂದುವಿನಿಂದ ಬರಲ್ಲ, ಉದ್ದಕ್ಕೂ ಬರುತ್ತೆ. ಅದಕ್ಕೇ ದೂರ ದುಪ್ಪಟ್ಟಾದ್ರೂ ಸದ್ದು ಇಳಿಯೋದು ಬರೀ 3 ಡೆಸಿಬಲ್ ಸುಮಾರು. ಹೆದ್ದಾರಿಯಿಂದ ನೂರು ಮೀಟರಿನ ಮನೆ ಬಿಟ್ಟು ಇನ್ನೂರು ಮೀಟರಿಗೆ ಹೋದ್ರೆ ಕಿವಿಗೆ ಅಂಥ ವ್ಯತ್ಯಾಸ ಗೊತ್ತಾಗಲ್ಲ. ಗಾಳಿ ಇಲ್ಲದ, ಮೋಡ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆ ಗಾಳಿ ನಿಲ್ಲುತ್ತೆ. ಮೇಲಕ್ಕೆ ಹೋಗಬೇಕಾದ ಸದ್ದು ಆಗ ಬಾಗಿ ಕೆಳಗೇ ಬರುತ್ತೆ. ಹಗಲು ಕೇಳದ ರೈಲು ರಾತ್ರಿ ಎರಡಕ್ಕೆ ಕಿಟಕಿ ಪಕ್ಕದಲ್ಲೇ ಹೋದಂಗೆ ಕೇಳೋದು ಇದರಿಂದ. ವಾಹನಗಳ ಸದ್ದು ರಾತ್ರಿ 45 ಡೆಸಿಬಲ್ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆ. ಸದ್ದು ಅಳೆಯೋ ಮೊಬೈಲ್ ಆ್ಯಪ್ ಅಷ್ಟು ಕರಾರುವಾಕ್ಕಲ್ಲ, ಆದ್ರೆ ಎರಡು ಜಾಗ ಹೋಲಿಸೋಕೆ ಸಾಕು. ಅಂದಹಾಗೆ, ಮನೆ ಮುಂದಿನ ಒಂದು ಸಾಲು ಮರ ರಸ್ತೆಯನ್ನ ಮರೆ ಮಾಡುತ್ತೆ ಅಷ್ಟೇ, ಸದ್ದನ್ನಲ್ಲ.

ನೀರು ನೋಡೋದು ಬೇಸಿಗೆ ಕೊನೆಯಲ್ಲಿ. ಬೋರ್‌ವೆಲ್ ಎಷ್ಟು ಆಳ ಅನ್ನೋದಕ್ಕಿಂತ ಪಂಪ್ ಎಡೆಬಿಡದೆ ಎಷ್ಟು ಹೊತ್ತು ಓಡುತ್ತೆ, ಯಾವಾಗ ಗಾಳಿ ಉಗುಳೋಕೆ ಶುರು ಮಾಡುತ್ತೆ ಅಂತ ಕೇಳಿ. ಟಿಡಿಎಸ್ ಮೀಟರ್ ಅದ್ದಿ ‘ನೀರು ಚೆನ್ನಾಗಿದೆ’ ಅನ್ನೋರಿದ್ದಾರೆ. ಆ ಮೀಟರ್ ಕರಗಿರೋ ಲವಣಗಳ ಒಟ್ಟು ಅಂದಾಜು ಹೇಳುತ್ತೆ, ಅಷ್ಟೇ. ಲೀಟರಿಗೆ 600 ಮಿಲಿಗ್ರಾಂ ಒಳಗಿದ್ರೆ ರುಚಿ ಚೆನ್ನಾಗಿರುತ್ತೆ, 1,000 ದಾಟಿದ್ರೆ ಬಾಯಿಗೆ ಹಿಡಿಸಲ್ಲ. ರೋಗಾಣು ಇದೆಯಾ, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಅನ್ನೋದನ್ನ ಪ್ರಯೋಗಾಲಯವೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಫ್ಲೋರೈಡ್ 1.5, ನೈಟ್ರೇಟ್ 50 ಮಿಲಿಗ್ರಾಂ. ರೋಗಾಣು ಪರೀಕ್ಷೆಗೆ ಪಂಪ್ ಕೆಲವು ನಿಮಿಷ ಓಡಿದ ಮೇಲೆ, ಪ್ರಯೋಗಾಲಯದವರೇ ಕೊಟ್ಟ ಬಾಟಲಿಯಲ್ಲಿ ನೀರು ಹಿಡಿದು, ತಂಪಾಗಿಟ್ಟು, ಅದೇ ದಿನ ತಲುಪಿಸಿ. ಕುದಿಸಿದ್ರೆ ರೋಗಾಣು ಸಾಯುತ್ತೆ, ನೈಟ್ರೇಟ್ ಹೋಗಲ್ಲ; ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ.

ನೈಟ್ರೇಟ್ ಬರೋದು ಗೊಬ್ಬರದಿಂದ, ಇಲ್ಲಾಂದ್ರೆ ಸೆಪ್ಟಿಕ್ ಟ್ಯಾಂಕಿಂದ. ಚರಂಡಿ ವ್ಯವಸ್ಥೆ ಇಲ್ಲದ ಊರಲ್ಲಿ ಟ್ಯಾಂಕ್ ಎಲ್ಲಿದೆ, ನಿಮ್ಮದಷ್ಟೇ ಅಲ್ಲ ಪಕ್ಕದ ಮನೆಯದ್ದೂ, ಬೋರ್‌ವೆಲ್ಲಿಂದ ಎಷ್ಟು ದೂರ ಅಂತ ಅಳೀರಿ. ಸಾಮಾನ್ಯ ಬಳಕೆಯಲ್ಲಿ ಮೂರರಿಂದ ಐದು ವರ್ಷಕ್ಕೊಮ್ಮೆ ಹೂಳು ಖಾಲಿ ಮಾಡಿಸಬೇಕು. ಬಿಟ್ರೆ ಹೂಳು ಹೊರಗೆ ಹರಿದು ಇಂಗುಗುಂಡಿ ಕಟ್ಟಿಕೊಳ್ಳುತ್ತೆ. ಖಾಲಿ ಮಾಡೋ ಲಾರಿ ಈ ಓಣಿಗೆ ನುಗ್ಗುತ್ತಾ ಅಂತ ಮನೆ ನೋಡುವಾಗಲೇ ಯೋಚಿಸಿ.

ಕರೆಂಟು, ಇಂಟರ್ನೆಟ್ ಎರಡನ್ನೂ ರಾತ್ರಿ ಎಂಟರಿಂದ ಹತ್ತರ ಒಳಗೆ ಪರೀಕ್ಷಿಸಿ. ಲೈನಿನ ಕೊನೆಯಲ್ಲಿರೋ ಮನೆಗೆ ಆ ಹೊತ್ತಲ್ಲಿ ವೋಲ್ಟೇಜ್ ಬೀಳುತ್ತೆ. ಪಂಪ್ ಮೋಟಾರು ಹೆಚ್ಚು ಕರೆಂಟ್ ಎಳೆದು ಬಿಸಿಯಾಗಿ ಸುಟ್ಟುಹೋಗೋದು ಹೀಗೆ. ಮೋಟಾರು ಗುಂಯ್ ಅಂತ ಸದ್ದು ಮಾಡಿ ತಿರುಗದಿದ್ರೆ ಬಹುಪಾಲು ಕೆಟ್ಟಿರೋದು ಕೆಪಾಸಿಟರ್, ಅಂದ್ರೆ ಮೋಟಾರು ತಿರುಗೋಕೆ ಶುರುವಾಗಲು ನೆರವಾಗೋ ಸಣ್ಣ ಬಿಡಿಭಾಗ. ಊರಿಗೊಬ್ಬರೇ ಪ್ಲಂಬರ್, ಒಬ್ಬರೇ ಎಲೆಕ್ಟ್ರಿಷಿಯನ್ ಇರೋ ಕಡೆ ಅದೇ ಅಳತೆಯ (ಮೈಕ್ರೋಫ್ಯಾರಡ್‌) ಕೆಪಾಸಿಟರ್ ಒಂದು, ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸೋ ಫ್ಲೋಟ್ ವಾಲ್ವ್ ಒಂದು ಮನೆಯಲ್ಲಿರಲಿ. ಕರೆಂಟ್ ಹೋಗಿ ಕೆಲವು ಗಂಟೆ ಆದ್ರೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗೀಬಹುದು, ಹಾಗಾಗಿ ಫೈಬರ್ ಇದ್ರೆ ರೂಟರಿಗೆ ಸಣ್ಣ ಯುಪಿಎಸ್ ಹಾಕಿ.

ಆಂಬ್ಯುಲೆನ್ಸ್ ಎಷ್ಟು ನಿಮಿಷದಲ್ಲಿ ಬರುತ್ತೆ ಅಂತ ಅಕ್ಕಪಕ್ಕದವರನ್ನ ಕೇಳಿ. ಹೃದಯ ನಿಂತಾಗ ಎದೆ ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುಳಿಯೋ ಸಾಧ್ಯತೆ ಸುಮಾರು 7ರಿಂದ 10 ಶೇಕಡ ಕಮ್ಮಿಯಾಗುತ್ತೆ. ಮನೆಯಲ್ಲಿ ಇಬ್ಬರಾದ್ರೂ ಕಲ್ತಿರಲಿ: ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5 ಸೆಂಟಿಮೀಟರ್ ಆಳ. ಮನೆಯ ಲೊಕೇಶನ್ ಮೊದಲೇ ಮೊಬೈಲಿನಲ್ಲಿ ಉಳಿಸಿಡಿ. ಹೆಸರಿಲ್ಲದ ಓಣಿಯಲ್ಲಿ ರಾತ್ರಿ ದಾರಿ ಹೇಳ್ತಾ ಕೂತ್ರೆ ಆ ನಿಮಿಷಗಳೇ ಹೋಗೋದು.

ಕೊನೆಗೊಂದು ಕೆಲಸ ಸರ್ಕಾರಿ ಕಚೇರಿಯಲ್ಲಿದೆ. ಯಾವ ಜಾಗ ಯಾವುದಕ್ಕೆ ಅಂತ ಬಣ್ಣದಲ್ಲಿ ತೋರಿಸೋ, ಈ ಪ್ರದೇಶದ ಭೂಬಳಕೆ ನಕ್ಷೆ ತರಿಸಿ, ಮನೆ ಸುತ್ತ ಎರಡು ಕಿಲೋಮೀಟರಿನಲ್ಲಿ ಯಾವ ಬಣ್ಣ ಬಳಿದಿದ್ದಾರೆ ನೋಡಿ. ಎದುರಿಗೆ ಕಾಣೋ ಖಾಲಿ ಹೊಲದ ಮೇಲೆ ವರ್ತುಲ ರಸ್ತೆಯ ಗೆರೆ ಹಾದುಹೋಗಿದ್ರೆ, ಈ ವಿಡಿಯೋ ಶುರುವಲ್ಲಿ ನೋಡಿದ ಸೈಕಲ್ ಇನ್ನು ಕೆಲವೇ ವರ್ಷ.