ವಾಸನೆ ಹಿಡಿದು ಹೊರಟ ಸಂಶೋಧನೆ

ಕೇಳುಗರಿಗೆ ನಮಸ್ಕಾರ.

ಮನೆಯ ಹಿರಿಯರು ಸುಮ್ನೆ ಕೂತಿದ್ದಾಗ ಅವರ ಕೈ ಗಮನಿಸಿ. ಹೆಬ್ಬೆರಳು, ತೋರುಬೆರಳು ಜಪಮಣಿ ಎಣಿಸುವ ಹಾಗೆ ತಾವಾಗಿಯೇ ಆಡುತ್ತಿವೆಯಾ? ‘ವಯಸ್ಸಾಯ್ತಲ್ಲ’ ಅಂತ ಬಿಟ್ಟುಬಿಡಬೇಡಿ. ಅದು ಪಾರ್ಕಿನ್‌ಸನ್ ಕಾಯಿಲೆ ಇರಬಹುದು. ಮಿದುಳಲ್ಲಿ ಡೋಪಮಿನ್, ಅಂದರೆ ಮೈಯ ಚಲನೆಗೆ ಬೇಕಾದ ಒಂದು ರಾಸಾಯನಿಕ, ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಕೈ ನಡುಗುವ ಹೊತ್ತಿಗೆ ಎಷ್ಟೋ ಸತ್ತಿರುತ್ತವೆ. ಮಾತ್ರೆ ಇದೆ, ತೊಂದರೆ ತಗ್ಗಿಸುತ್ತದೆ. ಕಾಯಿಲೆಯನ್ನು ತಡೆಯುವುದಿಲ್ಲ. ಅದಕ್ಕೇ ಸಂಶೋಧನೆ ಬೇಕು, ಸಂಶೋಧನೆಗೆ ಜನರ ದುಡ್ಡು ಬೇಕು.

‘ಸರ್ಕಾರ ಕೊಡಲಿ’ ಅಂತೀರಿ. ಕೊಡಲಿ. ಆದರೆ ‘ಈ ಕಾಯಿಲೆಗೆ ವಾಸನೆ ಇದೆ’ ಅಂತ ಅರ್ಜಿ ಹಾಕಿದರೆ ಯಾವ ಕಚೇರಿ ದುಡ್ಡು ಕೊಡುತ್ತದೆ, ಹೇಳಿ?

ಸ್ಕಾಟ್ಲೆಂಡಿನಲ್ಲಿ ಜಾಯ್ ಮಿಲ್ನ್ ಅಂತ ಒಬ್ಬ ನರ್ಸ್. ಗಂಡನ ಮೈವಾಸನೆ ಬದಲಾಗಿದೆ ಅಂತ ಅವರಿಗೆ ಅನಿಸಿತು. ಪಾರ್ಕಿನ್‌ಸನ್ ಅಂತ ಗೊತ್ತಾಗಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆಮೇಲೆ ರೋಗಿಗಳ ಒಂದು ಸಭೆಗೆ ಹೋದರೆ ಅಲ್ಲಿದ್ದವರ ಮೈಯಲ್ಲೂ ಅದೇ ವಾಸನೆ! ಎಡಿನ್‌ಬರೋದ ವಿಜ್ಞಾನಿ ಟೀಲೋ ಕುನಾಥ್ ಹತ್ತಿರ ಜಾಯ್ ಈ ವಾಸನೆ ಬಗ್ಗೆ ಕೇಳಿದರು. ಮೊದಲು ಕುನಾಥ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಪರೀಕ್ಷೆ ಮಾಡಿಯೇ ಬಿಟ್ಟರು. ಆರು ರೋಗಿಗಳು, ಆರು ಆರೋಗ್ಯವಂತರು ಹಾಕಿಕೊಂಡಿದ್ದ ಟೀ ಶರ್ಟುಗಳನ್ನು ತಂದರು. ಜಾಯ್ ಒಂದೊಂದನ್ನೇ ಮೂಸಿದರು. ಆರೂ ರೋಗಿಗಳನ್ನು ಗುರುತಿಸಿದರು. ಜೊತೆಗೆ ಆರೋಗ್ಯವಂತರಲ್ಲಿ ಒಬ್ಬರಿಗೂ ಕಾಯಿಲೆ ಇದೆ ಅಂದರು. ತಪ್ಪು ಹೇಳಿದರು ಅಂತ ಎಲ್ಲರೂ ಅಂದುಕೊಂಡರು. ಎಂಟು ತಿಂಗಳಲ್ಲಿ ಆ ಮನುಷ್ಯನಿಗೂ ಪಾರ್ಕಿನ್‌ಸನ್ ಅಂತ ಡಾಕ್ಟರು ಹೇಳಿದರು!

ವಾಸನೆ ಇದ್ದದ್ದು ಕಂಕುಳಲ್ಲಲ್ಲ, ಬೆನ್ನ ಮೇಲಿನ ಜಿಡ್ಡಿನಲ್ಲಿ. ಮುಂದಿನ ಕೆಲಸಕ್ಕೆ ದುಡ್ಡು ಕೊಟ್ಟಿದ್ದು ಪಾರ್ಕಿನ್‌ಸನ್ಸ್ ಯುಕೆ, ಮೈಕಲ್ ಜೆ. ಫಾಕ್ಸ್ ಫೌಂಡೇಶನ್. ಎರಡೂ ದಾನದಿಂದ ನಡೆಯುವ ಸಂಸ್ಥೆಗಳು. ಮ್ಯಾಂಚೆಸ್ಟರಿನ ಪೆರ್ಡಿಟಾ ಬ್ಯಾರನ್ ತಂಡ ಆ ವಾಸನೆಯ ಹಿಂದಿನ ರಾಸಾಯನಿಕಗಳನ್ನು 2019ರಲ್ಲಿ ಪ್ರಕಟಿಸಿತು. ಬೆನ್ನು ಒರೆಸಿ ಕಾಯಿಲೆ ಪತ್ತೆ ಮಾಡುವ ಪರೀಕ್ಷೆಗೆ ದಾರಿ ತೆರೆಯಿತು. ಜನರ ದುಡ್ಡು ಮಾಡಿದ ಕೆಲಸ ಇದು.

ಫಾಕ್ಸ್ ಅಮೆರಿಕದ ನಟ. 29ನೇ ವಯಸ್ಸಿಗೇ ಈ ಕಾಯಿಲೆ ಬಂತು. 2000ದಲ್ಲಿ ಕಟ್ಟಿದ ಸಂಸ್ಥೆ ಈವರೆಗೆ 200 ಕೋಟಿ ಡಾಲರಿಗೂ ಜಾಸ್ತಿ ಹಣವನ್ನು ಸಂಶೋಧನೆಗೆ ಕೊಟ್ಟಿದೆ. ನಮ್ಮಲ್ಲಿ ಅನ್ನದಾನಕ್ಕೆ ಕೈ ಮುಂದೆ ಬರುತ್ತದೆ, ಸಂತೋಷ. ಪ್ರಯೋಗಾಲಯದ ಹೆಸರೆತ್ತಿದರೆ ಮಾತ್ರ ಯಾಕೆ ಹಿಂದೆ ಹೋಗುತ್ತದೆ?

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಇನ್ನೊಂದೇ ಮಾತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ದುಡ್ಡಿಲ್ಲದವರೂ ಅಲ್ಲಿಗೆ ದಾನ ಮಾಡಬಹುದು, ಸತ್ತ ಮೇಲೆ. ಮನೆಯವರಿಗೆ ಈಗಲೇ ಹೇಳಿಡಿ. ನಮಸ್ಕಾರ.