ಕಂಬ ಎಣಿಸಬೇಡಿ, ನೆಲ ನೋಡಿ

ಕೇಳುಗರೇ, ನಮಸ್ಕಾರ.

ನಾನು ಬೆಂಗಳೂರಿನ ಮೆಟ್ರೊ ಕೆಲಸ ಮಾಡಿದವನು ಅಂತ ಗೊತ್ತಾದರೆ ಸಾಕು. ಮದುವೆ ಮನೆಯಾಗಲಿ, ಗೃಹಪ್ರವೇಶವಾಗಲಿ, ಪಕ್ಕದ ಎಲೆಯವರು ಕೇಳುವ ಪ್ರಶ್ನೆ ಒಂದೇ. "ನಮ್ಮ ಕಡೆ ಕಂಬ ಎಲ್ಲಾ ಎದ್ದು ನಿಂತು ಎರಡು ವರ್ಷ ಆಯ್ತು ಸಾರ್, ಇನ್ನೂ ಯಾಕೆ ಓಪನ್ ಆಗಿಲ್ಲ?" ಹುಳಿ ಬಡಿಸುವವರು ಬರುವುದರೊಳಗೆ ಉತ್ತರ ಹೇಳಬೇಕು. ಹೇಗೆ ಹೇಳೋದು? ಇವತ್ತು ಆಕಾಶವಾಣಿಯವರು ಹತ್ತು ನಿಮಿಷ ಕೊಟ್ಟಿದ್ದಾರೆ. ಸಮಾಧಾನವಾಗಿ ಹೇಳುತ್ತೇನೆ.

ಒಂದೇ ಮಾತು. ಕಂಬ ಎಣಿಸಬೇಡಿ, ನೆಲ ನೋಡಿ.

ನೀವು ಯಾರು ಅಂತ ನನಗೆ ಅಂದಾಜಿದೆ. ಬೆಳಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೊರಡುತ್ತೀರಿ. ಪಾರ್ಕಿಗೆ ಅಂತ ಮನೆಯಲ್ಲಿ ಹೇಳಿರುತ್ತೀರಿ, ಹೋಗುವುದು ಬ್ಯಾರಿಕೇಡ್ ಹತ್ತಿರ. ನಿನ್ನೆ ಎಷ್ಟು ಕಂಬ ಇತ್ತು, ಇವತ್ತು ಎಷ್ಟು ಅಂತ ಲೆಕ್ಕ ಹಾಕುತ್ತೀರಿ. ನನಗೆ ನಿಮ್ಮಂಥವರನ್ನು ಕಂಡರೆ ತುಂಬಾ ಇಷ್ಟ. ಊರಿನ ಕೆಲಸವನ್ನು ದಿನಾ ಹೋಗಿ ನೋಡುವವರು ಎಷ್ಟು ಜನ ಇದ್ದಾರೆ ಹೇಳಿ? ಆದರೆ ನೋಡುವ ಜಾಗ ತಪ್ಪು. ಕಂಬ ಅನ್ನುವುದು ಸುಲಭದ ಕೆಲಸ. ಕಂಬಿ ಕಟ್ಟಿ, ಅಚ್ಚು ನಿಲ್ಲಿಸಿ, ಕಾಂಕ್ರೀಟ್ ಸುರಿದರೆ ಮುಗಿಯಿತು. ಅದರ ಮೇಲೆ ಕೂರುವ ಸೇತುವೆಯೂ ಅಷ್ಟೇ. ಯಾರ್ಡಿನಲ್ಲಿ ತುಂಡು ತುಂಡಾಗಿ ಎರಕ ಹೊಯ್ದಿರುತ್ತಾರೆ. ರಾತ್ರಿ ಹನ್ನೊಂದರ ಮೇಲೆ ಟ್ರೇಲರ್‌ನಲ್ಲಿ ತರುತ್ತಾರೆ. ಕಂಬದಿಂದ ಕಂಬಕ್ಕೆ ಚಾಚಿಕೊಂಡ ದೊಡ್ಡ ಉಕ್ಕಿನ ಯಂತ್ರ ಇರುತ್ತದಲ್ಲ, ಲಾಂಚಿಂಗ್ ಗರ್ಡರ್, ಅದು ತುಂಡುಗಳನ್ನು ಎತ್ತಿ ಸಾಲಾಗಿ ನೇತುಹಾಕುತ್ತದೆ. ಸಂದಿಗೆ ಅಂಟು ಬಳಿದು, ಒಳಗೆ ಉಕ್ಕಿನ ಹಗ್ಗ ತೂರಿಸಿ, ಬಿಗಿಯಾಗಿ ಎಳೆದರೆ ಹೂವಿನ ಸರದ ಹಾಗೆ ಎಲ್ಲಾ ಒಂದಾಗಿ ನಿಲ್ಲುತ್ತದೆ. ನೋಡಲು ಚೆಂದ. ಆದರೆ ರೈಲು ಯಾವಾಗ ಓಡುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ಇದಲ್ಲ.

ತೀರ್ಮಾನ ಮಾಡುವುದು ನೆಲ. ಒಂದು ಕಂಬದ ಕೆಳಗೆ ಸಾಮಾನ್ಯವಾಗಿ ನಾಲ್ಕು ಪೈಲ್ ಇರುತ್ತವೆ. ಬೋರ್‌ವೆಲ್ ಕೊರೆದ ಹಾಗೆ ಕೊರೆಯುವುದು, ಅಗಲ ಮಾತ್ರ ಮನುಷ್ಯ ಆರಾಮಾಗಿ ಇಳಿಯುವಷ್ಟು. ಒಳಗೆ ಕಂಬಿಯ ಪಂಜರ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಎಷ್ಟೋ ಕಡೆ ನೀವು ಮೇಲೆ ನೋಡುವ ಎತ್ತರಕ್ಕಿಂತ ಕೆಳಗೆ ಹೋಗಿರುವುದೇ ಜಾಸ್ತಿ. ಸರಿ, ಕೊರೆಯಲು ಜಾಗ ಬೇಕಲ್ಲ? ನಮ್ಮ ರಸ್ತೆ ಕೆಳಗೆ ಏನೇನಿದೆ ಗೊತ್ತೇ? ಕುಡಿಯುವ ನೀರಿನ ಪೈಪು, ಒಳಚರಂಡಿ, ಕರೆಂಟ್ ಕೇಬಲ್, ಟೆಲಿಫೋನ್ ಕೇಬಲ್, ಅದರ ಮೇಲೆ ನಿನ್ನೆ ಮೊನ್ನೆ ಹಾಕಿದ ಇಂಟರ್‌ನೆಟ್ ಕೇಬಲ್. ಇವನ್ನೆಲ್ಲ ಸರಿಸಿದ ಮೇಲೆಯೇ ಯಂತ್ರ ಬರುವುದು.

ಇಲ್ಲಿ ಒಂದು ಕಥೆ ಹೇಳಲೇಬೇಕು. ದಕ್ಷಿಣ ಬೆಂಗಳೂರಿನ ಒಂದು ರಸ್ತೆ. ನನಗೆ ಆಗ ತಲೆಕೂದಲು ಕಪ್ಪಗಿತ್ತು. ಕೈಯಲ್ಲಿ ನಕ್ಷೆ. ಆ ನಕ್ಷೆಯ ಪ್ರಕಾರ ನಾವು ಪೈಲ್ ಹಾಕುವ ಮೂಲೆಯಲ್ಲಿ ಮಣ್ಣು ಬಿಟ್ಟರೆ ಏನೂ ಇಲ್ಲ. ಅದೇ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಒಬ್ಬರು ಅಜ್ಜಿ ಹೂವು ಮಾರುತ್ತಿದ್ದರು. ಮಂಕರಿಯ ಮೇಲೆ ಒದ್ದೆ ಗೋಣಿ ಬಟ್ಟೆ, ಪಕ್ಕದಲ್ಲಿ ಬಾಳೆನಾರು ನೆನೆಹಾಕಿದ ಸ್ಟೀಲ್ ಲೋಟ. ಎಲ್ಲರೂ ಹೂವಮ್ಮ ಅಂತಲೇ ಕರೆಯುತ್ತಿದ್ದರು. ಜಾಗ ಬಿಡಿಸಲು ನಾನೇ ಹೋದೆ. ಅವರು ಮಾಲೆಯಿಂದ ಕಣ್ಣು ತೆಗೆಯಲಿಲ್ಲ. "ಏಳ್ತೀನಿ ಬಿಡಪ್ಪ. ಆದ್ರೆ ಇಲ್ಲಿ ಅಗೀಬೇಡ. ಕೆಳಗೆ ನೀರು ಓಡ್ತದೆ" ಅಂದರು.

ನಾನು ನಕ್ಷೆ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ, ನನಗೂ ಆ ವಯಸ್ಸಿನಲ್ಲಿ ಬುದ್ಧಿ ಇರಲಿಲ್ಲ. "ಇಲ್ಲ ಅಜ್ಜಿ, ಇಲ್ಲಿ ಏನೂ ಇಲ್ಲ" ಅಂದೆ. ಆಗ ತಲೆ ಎತ್ತಿದರು. "ಮಾರ್ಕೆಟ್‌ನಿಂದ ಹೂವು ತಂದು ಬೆಳಗಿನ ಜಾವ ನಾಲ್ಕಕ್ಕೇ ಇಲ್ಲಿ ಕೂತ್ಕೊಳ್ತೀನಿ. ದಿನ ಬಿಟ್ಟು ದಿನ ನೀರು ಬಿಡ್ತಾರಲ್ಲ, ಆವಾಗ ನೆಲ ಗುಡುಗುಡು ಅಂತದೆ. ಕೂತವಳಿಗೆ ಗೊತ್ತಾಗಲ್ವಾ?" ಅಂದರು. ಜೊತೆಗಿದ್ದ ಹುಡುಗರು ನಕ್ಕರು. ನಾನೂ ನಕ್ಕೆ, ಈಗ ನೆನೆದರೆ ನಾಚಿಕೆ.

ಪುಣ್ಯಕ್ಕೆ ನಮ್ಮಲ್ಲಿ ಒಂದು ನಿಯಮ ಇತ್ತು. ಯಂತ್ರ ಇಡುವ ಮೊದಲು ಕೈಯಲ್ಲೇ ಒಂದು ಗುಂಡಿ ತೋಡಬೇಕು, ಟ್ರಯಲ್ ಪಿಟ್ ಅಂತ. ಗುದ್ದಲಿ, ಹಾರೆ, ಬಾಂಡ್ಲಿ, ಅಷ್ಟೇ. ಕಲಬುರಗಿ ಕಡೆಯ ಇಬ್ಬರು ಇಳಿದರು. ಎದೆಮಟ್ಟಕ್ಕೆ ಹೋಗುವ ಹೊತ್ತಿಗೆ ಹಾರೆ ಠಣ್ ಅಂತು. ಕಲ್ಲಿಗೆ ಬಡಿದ ಸದ್ದು ಬೇರೆ, ಕಬ್ಬಿಣಕ್ಕೆ ಬಡಿದ ಸದ್ದು ಬೇರೆ. ಮಣ್ಣು ಸರಿಸಿದರೆ ಬೀಡಿನ ಪೈಪು, ತಬ್ಬಿಕೊಳ್ಳುವಷ್ಟು ದಪ್ಪ. ಜೋಡಣೆಯಲ್ಲಿ ಸೀಸ ಕಾಯಿಸಿ ಹೊಯ್ದಿದ್ದರು. ಹಳೇ ಕೆಲಸ ಅಂತ ಅದರಲ್ಲೇ ಗೊತ್ತಾಯಿತು. ಕಾವೇರಿ ನೀರು ಈ ಊರಿಗೆ ಬಂದಿದ್ದು 1974ರಲ್ಲಿ. ಅದಕ್ಕೂ ಮುಂಚೆ, 1933ರಿಂದ ತಿಪ್ಪಗೊಂಡನಹಳ್ಳಿ ನೀರು. ಇದು ಆ ಕಾಲದ ಪೈಪು ಅಂತ ನನ್ನ ಊಹೆ. ನಕ್ಷೆಯಲ್ಲಿ ಇಲ್ಲ, ಆದರೆ ಒಳಗೆ ನೀರು ಓಡುತ್ತಿದೆ! ಕೈ ಇಟ್ಟೆ, ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು. ನಮ್ಮ ಯಂತ್ರ ಅದನ್ನು ಕೊರೆದಿದ್ದರೆ ಅರ್ಧ ಬಡಾವಣೆಗೆ ಎರಡು ವಾರ ಟ್ಯಾಂಕರೇ ಗತಿ.

ಆ ಪೈಪು ಸರಿಸಲು ಏಳು ತಿಂಗಳು ಹಿಡಿಯಿತು. ಕಂಬ ಎಬ್ಬಿಸಲು ಒಂದು ತಿಂಗಳೂ ಬೇಕಾಗಲಿಲ್ಲ. ಈಗ ಹೇಳಿ, ಆ ಏಳು ತಿಂಗಳು ವಾಕಿಂಗ್ ಬಂದವರು ಏನಂದುಕೊಂಡಿರಬೇಕು? "ಕೆಲಸ ನಿಂತೇ ಹೋಗಿದೆ, ಒಂದು ಕಂಬವೂ ಏಳಲಿಲ್ಲ." ನಿಂತಿರಲಿಲ್ಲ ಸ್ವಾಮಿ! ನಾವೆಲ್ಲ ಗುಂಡಿಯಲ್ಲಿ ಇದ್ದೆವು. ಅದಕ್ಕೇ ಹೇಳೋದು, ನೆಲ ನೋಡಿ ಅಂತ. ಆಮೇಲೆ ನಾನು ಯಾವ ಮೂಲೆಗೆ ಹೋದರೂ ಮೊದಲು ಅಲ್ಲಿ ಕೂತು ವ್ಯಾಪಾರ ಮಾಡುವವರನ್ನು ಮಾತಾಡಿಸಿ, ಆಮೇಲೆ ನಕ್ಷೆ ಬಿಚ್ಚುತ್ತಿದ್ದೆ.

ಹೂವಮ್ಮನ ಕಥೆಗೇ ಅರ್ಧ ಸಮಯ ಹೋಯಿತು. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಸುರಂಗ. ಗುಲಾಬಿ ಮಾರ್ಗದಲ್ಲಿ ಡೇರಿ ಸರ್ಕಲ್ ಕಡೆಯಿಂದ ನಾಗವಾರದವರೆಗೆ ರೈಲು ನೆಲದೊಳಗೆ. ಹೋಗುವುದಕ್ಕೊಂದು, ಬರುವುದಕ್ಕೊಂದು, ಎರಡೂ ಕೊಳವೆ ಸೇರಿ ಸುಮಾರು 21 ಕಿಲೋಮೀಟರ್ ಕೊರೆದರು. ಯಂತ್ರ ಒಂಬತ್ತು. ಊರ್ಜಾ, ವರದಾ, ಅವನಿ, ತುಂಗಾ, ಭದ್ರಾ, ಹೀಗೆ ಹೆಸರು. ಊರ್ಜಾ ಕಂಟೋನ್ಮೆಂಟ್‌ನಿಂದ ಹೊರಟು ಶಿವಾಜಿನಗರದಲ್ಲಿ ಮೂತಿ ತೋರಿಸಿದ್ದು 2021ರ ಸೆಪ್ಟೆಂಬರ್. ಕೊನೆಯದಾಗಿ ಭದ್ರಾ ನಾಗವಾರದಲ್ಲಿ ಹೊರಬಂದದ್ದು 2024ರ ಅಕ್ಟೋಬರ್. ಯಾಕಿಷ್ಟು ತಡ ಅಂತ ಕೇಳುವವರು ಒಂದು ಸಲ ಲಾಲ್‌ಬಾಗ್ ಬಂಡೆ ಹತ್ತಿ ನಿಲ್ಲಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಊರಿನ ಕೆಳಗೆಲ್ಲ ಅದೇ ಜಾತಿಯ ಕಲ್ಲು. ಪೂರ್ತಿ ಬಂಡೆಯಾಗಿದ್ದರೆ ಎಷ್ಟೋ ವಾಸಿ, ಪೂರ್ತಿ ಮಣ್ಣಾಗಿದ್ದರೂ ವಾಸಿ. ನಮ್ಮದು ಎರಡೂ ಅಲ್ಲ. ಮೆತ್ತಗಿನ ಮಣ್ಣು, ನಡುನಡುವೆ ಗುಂಡುಕಲ್ಲು. ಮೆತ್ತಗಿನ ಅನ್ನದಲ್ಲಿ ಕಲ್ಲು ಸಿಕ್ಕರೆ ಹಲ್ಲು ಏನಾಗುತ್ತದೆ? ಯಂತ್ರದ ಹಲ್ಲಿಗೂ ಅದೇ ಗತಿ. ಆಗ ಯಂತ್ರ ನಿಲ್ಲಿಸಿ, ಮುಂದಿನ ಮಣ್ಣು ಕುಸಿಯದ ಹಾಗೆ ಗಾಳಿಯ ಒತ್ತಡ ಕೊಟ್ಟು, ಕೆಲವರು ಆ ಇಕ್ಕಟ್ಟಿನಲ್ಲಿ ತೆವಳಿ ಹೋಗಿ ಹಲ್ಲು ಬದಲಾಯಿಸಿ ಬರುತ್ತಾರೆ. ಮೇಲೆ ನೀವು ಆಟೋದವನ ಜೊತೆ ಮೀಟರಿಗೆ ಜಗಳ ಆಡುತ್ತಿರುತ್ತೀರಿ.

ಇನ್ನು ಬೆನ್ನಿಗಾನಹಳ್ಳಿ. ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ರೈಲು ಓಡಿದ್ದು 2023ರ ಮಾರ್ಚ್‌ನಲ್ಲಿ. ಅಲ್ಲಿಂದ ಬೈಯಪ್ಪನಹಳ್ಳಿ ಎರಡೇ ಕಿಲೋಮೀಟರ್ ಚಿಲ್ಲರೆ. ಆ ಎರಡು ಕಿಲೋಮೀಟರಿಗೆ ಜನ ಆರು ತಿಂಗಳು ಇಳಿದು ಬಸ್ ಹತ್ತಿದರು. ಎರಡೂ ಕಡೆ ಕಂಬಗಳ ಸಾಲು ಸಿದ್ಧ. ನಡುವೆ ಬೆನ್ನಿಗಾನಹಳ್ಳಿಯಲ್ಲಿ ರೈಲ್ವೆ ಹಳಿ. ಓಡುವ ರೈಲಿನ ಮೇಲೆ ಉಕ್ಕಿನ ಸೇತುವೆ ಇಡುವುದು ಹುಡುಗಾಟವಲ್ಲ. ಅಕ್ಟೋಬರ್ 9ಕ್ಕೆ ಕೊಂಡಿ ಬೆಸೆಯಿತು. ಕಂಬ ಎಣಿಸಿದವರ ಲೆಕ್ಕದಲ್ಲಿ ಅದು ಮಾರ್ಚ್‌ಗೇ ಮುಗಿದಿತ್ತು!

ಹಳದಿ ಮಾರ್ಗದ ಕಥೆ ಎತ್ತುತ್ತೀರಿ ಅಂತ ಗೊತ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳಿ ಇತ್ತು, ನಿಲ್ದಾಣ ಇತ್ತು, ರೈಲೇ ಬಂದಿರಲಿಲ್ಲ. ಕೊನೆಗೆ 2025ರ ಆಗಸ್ಟ್ 10ಕ್ಕೆ ಮೂರೇ ರೈಲು ಇಟ್ಟುಕೊಂಡು ಶುರು ಮಾಡಿದರು, 25 ನಿಮಿಷಕ್ಕೆ ಒಂದು. ಒಪ್ಪಿದೆ. ಅದು ನೆಲದ ತಪ್ಪಲ್ಲ. ರೈಲು, ಸಿಗ್ನಲ್, ಕರೆಂಟು, ಇವೆಲ್ಲ ನನ್ನ ವಿಷಯವೂ ಅಲ್ಲ, ಅದಕ್ಕೆ ಬೇರೆಯವರನ್ನು ಕರೆಸಿ. ನಾನು ಅಡಿಪಾಯದವನು.

ಈಗ ನೀಲಿ ಮಾರ್ಗ ನೋಡುವವರಿಗೆ ಒಂದೆರಡು ಮಾತು. ಸಿಲ್ಕ್ ಬೋರ್ಡ್‌ನಿಂದ ಹೊರವರ್ತುಲ ರಸ್ತೆ ಹಿಡಿದು ಕೆ.ಆರ್. ಪುರ, ಅಲ್ಲಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣ. ನೇರ ರಸ್ತೆಯ ಕಂಬಗಳ ಸಾಲನ್ನು ಬಿಡಿ. ತಿರುವಿಗೆ ಹೋಗಿ. ಮೇಲ್ಸೇತುವೆ ಅಡ್ಡ ಬರುವಲ್ಲಿ, ರೈಲ್ವೆ ಹಳಿ ದಾಟುವಲ್ಲಿ, ರಾಜಕಾಲುವೆ ಹತ್ತಿರ ನಿಂತು ನೋಡಿ. ಬ್ಯಾರಿಕೇಡ್‌ನ ಎರಡು ತಗಡಿನ ಸಂದಿಯಲ್ಲಿ ಒಂದು ಕಣ್ಣು ಹಾಕಿ. ಬೂದು ಬಣ್ಣದ ಗಂಜಿಯಂಥ ಕೆಸರು ಕಂಡರೆ ಪೈಲ್ ಕೊರೆಯುತ್ತಿದ್ದಾರೆ, ಗುಂಡಿಯ ಗೋಡೆ ಕುಸಿಯದಿರಲಿ ಅಂತ ತುಂಬಿರುವ ಮಣ್ಣುನೀರು ಅದು. ಇಬ್ಬರು ಮೂವರು ಗುದ್ದಲಿ ಹಿಡಿದು ಎದೆಮಟ್ಟದ ಗುಂಡಿಯಲ್ಲಿ ನಿಂತಿದ್ದರೆ ಇನ್ನೂ ಒಳ್ಳೆಯದು, ಕೆಲಸ ಸರಿಯಾಗಿ ನಡೆಯುತ್ತಿದೆ. ಸೆಕ್ಯುರಿಟಿಯವನು ಗದರಿದರೆ ಎರಡು ಹೆಜ್ಜೆ ಹಿಂದೆ ಬಂದು ಫುಟ್‌ಪಾತ್ ಮೇಲೆ ನಿಲ್ಲಿ. ಫುಟ್‌ಪಾತ್ ಉಳಿದಿದ್ದರೆ.

ನಮಸ್ಕಾರ.